ಡ್ರೈವರ್ ಹಾಡಿದ, ಲೋಕ ಕೇಳಿತು!

ಅಮೆರಿಕದ ಮೆಂಫಿಸ್ ಊರಲ್ಲಿ ಒಂದು ಹಳೇ ಟಾಕೀಸು. ಸಿನಿಮಾ ನಿಂತ ಮೇಲೆ ಅದೇ 'ಸ್ಟ್ಯಾಕ್ಸ್' ಕಂಪನಿಯ ರೆಕಾರ್ಡಿಂಗ್ ಸ್ಟುಡಿಯೋ ಆಯ್ತು. ಕುರ್ಚಿ ಕಿತ್ತರೂ ನೆಲ ಮಾತ್ರ ಟಾಕೀಸಿನ ಇಳಿಜಾರೇ! 1962ರಲ್ಲಿ ಒಂದು ದಿನ ಅಲ್ಲಿಗೆ ಗಿಟಾರ್ ವಾದಕ ಜಾನಿ ಜೆಂಕಿನ್ಸ್ ಬಂದಿಳಿದ. ಅವತ್ತಿನ ರೆಕಾರ್ಡಿಂಗ್ ಅವನದು. ಕಾರು ಓಡಿಸಿಕೊಂಡು ಬಂದಿದ್ದ ದಾಂಡಿಗ ಹುಡುಗನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಮಿತ್ರರೇ, ಆ ಡ್ರೈವರೇ ಓಟಿಸ್ ರೆಡ್ಡಿಂಗ್!

ಹುಟ್ಟಿದ್ದು 1941ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ. ಅಪ್ಪನಿಗೆ ಕ್ಷಯ. ಹುಡುಗ ಹದಿನೈದಕ್ಕೇ ಶಾಲೆ ಬಿಟ್ಟ. ಬಾವಿ ತೋಡಿದ, ಪೆಟ್ರೋಲ್ ಬಂಕಿನಲ್ಲಿ ದುಡಿದ. ಆದರೆ ಹಾಡು ಬಿಡಲಿಲ್ಲ.

ಅವತ್ತು ಜೆಂಕಿನ್ಸನ ರೆಕಾರ್ಡಿಂಗ್ ಕೈ ಹತ್ತಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ಡ್ರೈವರಿಗೂ ಒಂದು ಚಾನ್ಸ್ ಕೊಟ್ಟರು. ತಾನೇ ಬರೆದ 'ದೀಸ್ ಆರ್ಮ್ಸ್ ಆಫ್ ಮೈನ್' ಹಾಡಿದ. ಅಬ್ಬಾ, ಅದೇನು ಗಂಟಲು! ಅರ್ಧ ಹಾಡು, ಅರ್ಧ ಅಳು. ಚರ್ಚಿನ ಭಕ್ತಿಗೀತೆಯ ಧಾಟಿಯಲ್ಲಿ ಪ್ರೀತಿ, ಸಂಕಟ ತೋಡಿಕೊಳ್ಳುವ ಕಪ್ಪು ಜನರ ಈ ಸಂಗೀತಕ್ಕೆ 'ಸೋಲ್' ಅಂತಾರೆ. ಸೋಲ್ ಅಂದರೆ ಆತ್ಮ.

ಆಮೇಲೆ ಓಟಿಸ್ ಹಿಂದೆ ನೋಡಲಿಲ್ಲ. 1965ರಲ್ಲಿ 'ರೆಸ್ಪೆಕ್ಟ್' ಬರೆದು ಹಾಡಿದ. ಎರಡು ವರ್ಷದ ಮೇಲೆ ಅರೀತಾ ಫ್ರಾಂಕ್ಲಿನ್ ಅದನ್ನೇ ಹಾಡಿ ತನ್ನದಾಗಿಸಿಕೊಂಡಳು. ಆ ಹುಡುಗಿ ನನ್ನ ಹಾಡು ಕಿತ್ಕೊಂಡಳು ಅಂತ ಇವನು ವೇದಿಕೆ ಮೇಲೇ ತಮಾಷೆ ಮಾಡಿದ. ಅದು 1967ರ ಜೂನ್, ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತೋತ್ಸವ. ಎದುರಿಗಿದ್ದವರಲ್ಲಿ ಹೆಚ್ಚಿನವರು ಬಿಳಿಯ ಹುಡುಗರು. ಅವರನ್ನೂ ಗೆದ್ದ.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಒಂದು ದೋಣಿಮನೆಯಲ್ಲಿ ತಂಗಿದ್ದಾಗ ಹೊಸ ಹಾಡೊಂದು ಶುರುವಾಯ್ತು. ಅದೇ 'ಡಾಕ್ ಆಫ್ ದ ಬೇ'. ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಜೊತೆ ಸೇರಿ ಮುಗಿಸಿದ. ಇದರಲ್ಲಿ ಕೂಗಾಟವಿಲ್ಲ. ನೀರಿನ ದಡದಲ್ಲಿ ಒಬ್ಬಂಟಿ ಕೂತವನ ಬೇಸರ. ಕೊನೆಗೆ ಮಾತೂ ಇಲ್ಲ, ಬರೀ ಸಿಳ್ಳೆ. ಇದು ಓಟಿಸ್ ಹಾಡೇ ಅಲ್ಲ ಅಂತ ಕಂಪನಿಯಲ್ಲೇ ಮೂಗು ಮುರಿದರು.

ರೆಕಾರ್ಡಿಂಗ್ ಮುಗಿದ ಕೆಲವೇ ದಿನಕ್ಕೆ, 1967ರ ಡಿಸೆಂಬರ್ 10ರಂದು, ಕಾರ್ಯಕ್ರಮಕ್ಕೆ ಹೊರಟ ಅವನ ಸಣ್ಣ ವಿಮಾನ ವಿಸ್ಕಾನ್ಸಿನ್ ರಾಜ್ಯದ ಮೊನೋನಾ ಸರೋವರಕ್ಕೆ ಬಿತ್ತು. ಕೊರೆಯುವ ಚಳಿ ನೀರು. ಎಂಟು ಮಂದಿಯಲ್ಲಿ ಬದುಕಿದವನು ತುತ್ತೂರಿ ವಾದಕ ಬೆನ್ ಕಾಲಿ ಒಬ್ಬನೇ. ಓಟಿಸ್‌ಗೆ ಬರೀ 26!

ಕ್ರಾಪರ್ ದುಃಖ ನುಂಗಿಕೊಂಡು, ಅಲೆಯ ಸದ್ದು, ಹಕ್ಕಿಯ ಕೂಗು ಸೇರಿಸಿ ಹಾಡನ್ನು ಸಿದ್ಧಮಾಡಿದ. 1968ರ ಮಾರ್ಚ್‌ನಲ್ಲಿ ಅದು ಅಮೆರಿಕಕ್ಕೇ ನಂಬರ್ ಒನ್! ಹಾಡಿದವನು ಸತ್ತ ಮೇಲೆ ಅಲ್ಲಿ ಮೊದಲ ಸ್ಥಾನಕ್ಕೇರಿದ ಮೊಟ್ಟಮೊದಲ ಹಾಡು ಅದೇ. ಜೀವಮಾನವಿಡೀ ಕಾದ ಆ ಜಾಗ ಸಿಕ್ಕಾಗ ನೋಡಲು ಅವನೇ ಇರಲಿಲ್ಲ.

ನಾವು ಟಾಕೀಸಿನಲ್ಲಿ ಹೀರೋ ಬಂದಾಗ ಸಿಳ್ಳೆ ಹೊಡೀತೀವಿ. ಇವನು ಹೊರಟು ಹೋಗುವಾಗ ತಾನೇ ಸಿಳ್ಳೆ ಹಾಕಿ ಹೋದ. ಸಿಕ್ಕರೆ ಒಮ್ಮೆ ಕೇಳಿ.

ಬರಲೇ? ಮುಂದಿನ ವಾರ ಸಿಗೋಣ.