ಬಿಡುಗಡೆ ಸಮಾರಂಭ ಯಾರಿಗ್ರೀ ಬೇಕು?

ಹೊಸಪೇಟೆಯಲ್ಲಿ ಬರೆಯೋರು, ಚಿತ್ರ ಬಿಡಿಸೋರು ನಾಲ್ಕು ಜನ ಸೇರಿದ್ರೆ ಒಂದೇ ಗೋಳು. ಪ್ರಕಾಶಕರು ಸಿಗ್ತಿಲ್ಲ, ಮುನ್ನುಡಿ ಬರೆಸಬೇಕು, ಸಗಟು ಖರೀದಿಗೆ ಆಯ್ಕೆ ಆಗುತ್ತೋ ಇಲ್ಲವೋ, ಹಂಪಿ ಉತ್ಸವದ ಕವಿಗೋಷ್ಠಿಗೆ ಈ ಸಲವೂ ಕರೀಲಿಲ್ಲ. ಅಲ್ರೀ, ಜೆರಾಕ್ಸ್ ಅಂಗಡಿಗೆ ಹೋಗೋಕೆ ಯಾರ ಆಮಂತ್ರಣ ಬೇಕು?

ಒಂದು ಎ4 ಹಾಳೆ. ಮೂರು ಸಲ ಮಡಚಿ, ನಡುವೆ ಒಂದೇ ಸಲ ಕತ್ತರಿಸಿದ್ರೆ ಎಂಟು ಪುಟದ ಪುಸ್ತಕ. ಇದಕ್ಕೇ ಝೀನ್ ಅಂತಾರೆ. ‘ಬೆಂಗಳೂರಿನವರ ಶೋಕಿ’ ಅಂತ ಮೂಗು ಮುರೀಬೇಡಿ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದಿದ್ದು ಯಾವ ಶೋಕಿ? 1964ರಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಧಾರವಾಡದಲ್ಲಿ ‘ಸಂಕ್ರಮಣ’ ಶುರು ಮಾಡಿದಾಗ ಮೂವರಿಗೂ 25ರ ಆಸುಪಾಸು. ಅವರೂ ಯಾರ ಅಪ್ಪಣೆಗೂ ಕಾಯಲಿಲ್ಲ.

‘ನೀನು ಸಾಫ್ಟ್‌ವೇರಿನವ, ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಪ್ಪ’ ಅಂತಾರೆ. ಹಾಕಿ ನೋಡಿದೀನಿ. ನಮ್ಮಜ್ಜ ಕಂಪ್ಲಿ ಕಡೆ ನೀರಗಂಟಿ ಆಗಿದ್ದ. ಕಾಲುವೆ, ತೂಬು, ಸರದಿಗೆ ಅವನು ಬಳಸ್ತಿದ್ದ ಮಾತುಗಳನ್ನ ಬರೆದು ಒಬ್ಬ ಪ್ರಕಾಶಕರಿಗೆ ಕಳಿಸಿದೆ. ‘ಇದು ಪುಸ್ತಕ ಆಗೋದಿಲ್ಲ’ ಅಂದ್ರು. ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿದೆ. ಹನ್ನೆರಡು ಹೆಬ್ಬೆಟ್ಟು ಬಂದವು, ಸಂಜೆಯೊಳಗೆ ಗುಡ್ ನೈಟ್ ಹೂಗಳ ಕೆಳಗೆ ಹೂತುಹೋಯ್ತು. ಆಮೇಲೆ 50 ಪ್ರತಿ ಜೆರಾಕ್ಸ್ ಮಾಡಿಸಿ ಊರಿನ ಚಾದಂಗಡಿಯಲ್ಲಿಟ್ಟೆ. ಮುಂದಿನ ವಾರ ಹೋದಾಗ ಒಂದು ಪ್ರತಿಯಲ್ಲಿ ಯಾರೋ ಹಿರಿಯರು ಪೆನ್ನಿನಿಂದ ಮೂರು ಶಬ್ದ ತಿದ್ದಿ, ನಾಲ್ಕು ಹೊಸವು ಸೇರಿಸಿದ್ರು. ಅಜ್ಜ ಹೋಗಿ ವರ್ಷಗಳಾದವು. ಆ ನಾಲ್ಕು ಶಬ್ದ ನನಗೆ ಇನ್ನೆಲ್ಲೂ ಸಿಗ್ತಿರಲಿಲ್ಲ.

ನಮ್ಮ ಭಾಗದಲ್ಲಿ ಬರೆಯೋಕೆ ಏನು ಕಮ್ಮಿ? ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನ 2011ರಲ್ಲಿ ತೆರವು ಮಾಡಿದ್ರು. ಕೃಷ್ಣದೇವರಾಯನ ಬಗ್ಗೆ ಬೋರ್ಡುಗಳಿವೆ. ಅಲ್ಲಿ ಇಡ್ಲಿ ಮಾರಿ ಮಕ್ಕಳನ್ನ ಓದಿಸಿದವರ ಬಗ್ಗೆ? ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. ಹೊಲಿಯೋ ಹೆಣ್ಮಕ್ಕಳೇ ತಮ್ಮ ಹೊಲಿಗೆ ಬಗ್ಗೆ ಬರೆದ ಎಂಟು ಪುಟ ನೀವು ಓದಿದೀರಾ? ನಾನಂತೂ ಓದಿಲ್ಲ.

ತಪ್ಪು ಬರುತ್ತೆ, ಇಂಕು ಅಳಿಸುತ್ತೆ, ಹೆಸರು ಬರೋದಿಲ್ಲ. ಬರದಿರಲಿ ಬಿಡಿ. ಪ್ರಕಾಶಕರು ನಾಳೆ ಸಿಕ್ಕಾರು, ಹೇಳೋ ಮುದುಕರು ನಾಳೆ ಇರ್ತಾರೆ ಅಂತ ಏನು ಗ್ಯಾರಂಟಿ? ಈ ಭಾನುವಾರ ಒಂದು ಹಾಳೆ ಮಡಚಿ. ನನಗೂ ಒಂದು ಪ್ರತಿ ಕೊಡಿ, ನನ್ನದು ಒಂದು ಕೊಡ್ತೀನಿ.