ಹೆಂಡ್ತಿ ಅಂತ ಬರೆದ್ರೆ ಸಾಲ್ದು, ಹೆಸ್ರು ಬರೀರಿ

ಅಕ್ಕಂದಿರೇ, ಅತ್ತಿಗೆಯೋರೇ, ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮ್ಮ ಮನೆತನಗಳ ಚರಿತ್ರೆನ ಹೆಂಗಸರೇ ಸೇರಿ ಪುಸ್ತಕ ಮಾಡೋಣ ಅಂತ ಹೊರಟಿದ್ದೀವಲ್ಲ, ಬಾಳ ಸಂತೋಷ. ಆದ್ರೆ ಮನೆಮನೆಯಿಂದ ಬಂದಿರೋ ವಂಶವೃಕ್ಷಗಳನ್ನ ನೋಡಿದ್ರೆ ಒಂದು ಮಾತು ಹೇಳ್ಲೇಬೇಕು ಅನ್ಸೈತೆ. ಗಂಡಸರಿಗೆಲ್ಲ ಹೆಸ್ರು ಐತೆ. ಹೆಂಗಸರ ಜಾಗದಲ್ಲಿ 'ಪತ್ನಿ', 'ಇಬ್ಬರು ಹೆಣ್ಣುಮಕ್ಕಳು' ಅಂತ ಅಷ್ಟೇ. ಇದನ್ನ ಹಿಂಗೇ ಅಚ್ಚಿಗೆ ಕೊಡಬಾರ್ದು ಅನ್ನೋದು ನನ್ನ ವಾದ.

ಇದೇನು ಇವತ್ತಿನ ರೋಗ ಅಲ್ಲ. ಗೂಳೂರು ಹತ್ರದ ಕೈದಾಳದ ಐತಿಹ್ಯ ನಮ್ಮ ಮಕ್ಕಳಿಗೂ ಬಾಯಿಪಾಠ. ಜಕಣಾಚಾರಿ ಮನೆ ಬಿಟ್ಟು ಹೋಗಿದ್ದು, ಬೇಲೂರಲ್ಲಿ ಮಗ ಡಂಕಣ ಕಲ್ಲಿನ ದೋಷ ತೋರ್ಸಿದ್ದು, ಅಪ್ಪ ಕೈ ಕಡ್ಕೊಂಡಿದ್ದು, ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂದಿದ್ದು, ಎಲ್ಲಾ ಹೇಳ್ತೀವಿ. ಗಂಡ ಹೋದ್ಮೇಲೆ ಆ ಮಗನ್ನ ಒಬ್ಬಳೇ ಸಾಕಿ ದೊಡ್ಡೋನ್ನ ಮಾಡ್ದೋಳ ಹೆಸ್ರೇನು ಅಂದ್ರೆ ಒಬ್ಬರ ಮುಖ ಒಬ್ಬರು ನೋಡ್ತೀವಿ.

ಗುಬ್ಬಿ ನಾಟಕ ಕಂಪ್ನಿ ಶುರುವಾಗಿದ್ದು 1884ರಲ್ಲಿ. ಅದರಲ್ಲಿ ಪಾತ್ರ ಮಾಡಿದ ಬಿ. ಜಯಮ್ಮನೋರ ಹೆಸ್ರು ಇವತ್ತಿಗೂ ಉಳಿದೈತೆ, ಯಾಕಂದ್ರೆ ಅವ್ರು ರಂಗದ ಮೇಲೆ ನಿಂತೋರು, ಸಿನಿಮಾಕ್ಕೂ ಹೋದೋರು. ನಮ್ಮಜ್ಜಿಯರು ನಿಂತಿದ್ದು ಒಲೆ ಮುಂದೆ, ರಾಗಿ ಕಣದಲ್ಲಿ. ಅದಕ್ಕೆ ಹ್ಯಾಂಡ್‌ಬಿಲ್ ಹಂಚೋರು ಯಾರು? ಕುಣಿಗಲ್ ಕೆರೆ ಹಾಡನ್ನ ನಾಡೆಲ್ಲ ಹಾಡ್ತೈತೆ, ಕಟ್ಟಿದೋರ ಹೆಸ್ರು ಮಾತ್ರ ಹಾಡಿನ ಜೊತೆ ಬರ್ಲಿಲ್ಲ.

'ನಮ್ಮತ್ತೇರ ಅತ್ತೆ ಹೆಸ್ರು ಯಾರಿಗೂ ಗೊತ್ತಿಲ್ಲ ಕಣಮ್ಮ' ಅನ್ನೋರಿದ್ದೀರ. ಹುಡುಕಿ. ಹಳೇ ಲಗ್ನಪತ್ರಿಕೆ ತೆಗೀರಿ, ಫೋಟೋ ಹಿಂದೆ ನೋಡಿ, ಸ್ಕೂಲಿನ ದಾಖಲೆ ಕೇಳಿ. ಅಟ್ಟದ ಮೇಲಿರೋ ಹಿತ್ತಾಳೆ ಪಾತ್ರೆಗಳನ್ನ ಹುಣಸೆಹಣ್ಣು ಹಾಕಿ ಉಜ್ಜಿ, ಮದುವೇಲಿ ಕೊರೆಸಿದ ಹೆಸ್ರು ಕಾಣ್ತೈತೆ. ಮದುವೆ ಆದ್ಮೇಲೆ ಹೆಸ್ರು ಬದಲಾಯ್ಸಿದ್ರೆ ಎರಡೂ ಬರೀರಿ. ತವರೂರು ಬರೀರಿ. ಸೂಲಗಿತ್ತಿ ಕೆಲಸ ಗೊತ್ತಿತ್ತಾ, ಸೋಬಾನೆ ಹಾಡ್ತಿದ್ರಾ, ಚೀಟಿ ನಡೆಸಿ ಮಕ್ಕಳನ್ನ ಓದಿಸಿದ್ರಾ, ಅದನ್ನೂ ಬರೀರಿ. ಹೇಳೋ ಅಜ್ಜಿಯರು ಇರೋವಾಗ್ಲೇ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅವ್ರು ಹೋದ್ಮೇಲೆ ಯಾರನ್ನ ಕೇಳ್ತೀರ?

ಇನ್ನೊಂದು ಕಷ್ಟದ ಮಾತು. ಗಂಡನ ಮನೆ ಬಿಟ್ಟು ತವರಿಗೆ ಬಂದೋರು, ಎರಡನೇ ಸಂಬಂಧವಾಗಿ ಬಂದೋರು, ಇವರ ಹೆಸ್ರು ಬೇಡ, ಮನೆ ಮರ್ಯಾದೆ ಹೋಗ್ತೈತೆ ಅಂತ ಕೆಲವರು ಅಂತಾವ್ರೆ. ನಾನು ಒಪ್ಪಲ್ಲ. ಮನೆಯೊಳಗಿನ ಜಗಳ ಬರೆಯೋದು ಬೇಡ. ಬದುಕಿರೋರನ್ನ ಕೇಳಿ, ಅವ್ರು ಒಪ್ಪಿದಷ್ಟೇ ಹಾಕಿ. ಆದ್ರೆ ನಮ್ಮ ಮನೇಲೇ ದುಡಿದು ಸತ್ತೋಳು ಹುಟ್ಟೇ ಇರ್ಲಿಲ್ಲ ಅನ್ನೋ ಹಂಗೆ ಬರೆದ್ರೆ ಅದು ಚರಿತ್ರೆ ಅಲ್ಲ, ಸುಳ್ಳು.

ದಾನಿಗಳ ಫೋಟೋ ಕೊನೇ ಪುಟಗಳಲ್ಲಿ ಬರ್ಲಿ, ಅವರ ಉಪಕಾರ ದೊಡ್ಡದು. ಮೊದಲ ಪುಟಗಳು ಮಾತ್ರ ಅಜ್ಜಿಯರದ್ದು. ಮುಂದಿನ ಸಲ ಸೇರೋವಾಗ ಪ್ರತಿಯೊಬ್ಬರೂ ನಿಮ್ಮ ತವರಿಂದ ಒಬ್ಬರು, ಅತ್ತೆಮನೆಯಿಂದ ಒಬ್ಬರು, ಹಿಂಗೆ ಎರಡು ಹೆಸ್ರು ಬರ್ಕೊಂಡು ಬನ್ನಿ.