ಇಸ್ರೇಲ್ ಡೈರಿ – 14: ಅಜ್ಜಿ ಊಟ ಬಿಟ್ಟದ್ದಲ್ಲ, ಸೂಪು ಬಿಟ್ಟದ್ದು

ಹಿಂದಿನ ಪೋಸ್ಟಿನಲ್ಲಿ ಹಾಕಿದ್ದ ಮೀನಿನ ಉಂಡೆಯ ಫೋಟೋ ನೋಡಿ ಶಿರ್ವದ ಚಿಕ್ಕಮ್ಮ ಕೇಳಿದ್ದರು, "ಯೆಹೂದಿಗಳ ಊಟ ಅಂದ್ರೆ ಇಷ್ಟೇಯಾ ಮಾರಾಯ್ತಿ, ಸಪ್ಪೆ ಮೀನಿಗೆ ಸಕ್ಕರೆ?" ಅಂತ. ಚಿಕ್ಕಮ್ಮ, ಮೂರು ವರ್ಷ ಪೋಲೆಂಡ್ ಮೂಲದ ಅಜ್ಜನ ಮನೆಯಲ್ಲಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ.

ಈಗ ಇರುವುದು ಡಿಮೋನಾದಲ್ಲಿ. ಮರುಭೂಮಿಯ ಊರು. ಭಾರತದಿಂದ ಬಂದ ಯೆಹೂದಿಗಳು ತುಂಬಾ ಇದ್ದಾರೆ. ನಾನು ನೋಡಿಕೊಳ್ಳುವ ಅಜ್ಜಿ ಅಲಿಬಾಗ್ ಕಡೆಯವರು, ಬೆನೆ ಇಸ್ರೇಲ್ ಪಂಗಡ. ಮರೆವಿನ ಕಾಯಿಲೆ. ಹೀಬ್ರೂ ಹೆಚ್ಚುಕಮ್ಮಿ ಹೋಗಿದೆ, ಉಳಿದಿರುವುದು ಚಿಕ್ಕಂದಿನ ಮರಾಠಿ. ಮೊಮ್ಮಕ್ಕಳಿಗೆ ಅದು ಬರುವುದಿಲ್ಲ.

ನನ್ನ ಕೈಗೆ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಕೋಳಿ ಸೂಪು, ಹಿಸುಕಿದ ಬಟಾಟೆ, ಬೇಯಿಸಿದ ಕ್ಯಾರೆಟ್. ಅಜ್ಜಿ ಎರಡು ಚಮಚಕ್ಕೆ ಬಾಯಿ ಮುಚ್ಚುತ್ತಿದ್ದರು. ನಾನು ಪುಸ್ತಕದಲ್ಲಿ "ಹಸಿವು ಕಡಿಮೆ" ಎಂದು ಬರೆಯುತ್ತಾ ಹೋದೆ, ಎರಡು ವಾರ. ತೂಕ ಇಳಿಯಿತು. ಒಂದು ದಿನ ಬಟ್ಟಲು ದೂಡಿ "ನಾರಳ್, ನಾರಳ್" ಅಂದರು. ನನಗೆ ಕೊಂಕಣಿ ಬರುವುದರಿಂದ ತಲೆಗೆ ಹೋಯಿತು: ತೆಂಗಿನಕಾಯಿ! ಆ ಎರಡು ವಾರ ನೆನೆದರೆ ಈಗಲೂ ನಾಚಿಕೆ ಆಗುತ್ತದೆ.

ಅವರ ಧರ್ಮದ ಕಟ್ಟಳೆ ಎಲ್ಲ ಕಡೆ ಒಂದೇ. ಮಾಂಸದ ಜೊತೆ ಹಾಲು, ಬೆಣ್ಣೆ, ಮೊಸರು ಕೂಡದು. ಪೋಲೆಂಡಿನ ಚಳಿಯಲ್ಲಿ ಬೆಣ್ಣೆಯ ಬದಲು ಕೋಳಿ ಕೊಬ್ಬು ಕರಗಿಸಿ ಹುರಿದರು. ಕೆರೆಯ ಕಾರ್ಪ್ ಮೀನಿಗೆ ಅಲ್ಲಿನವರು ಸಕ್ಕರೆ ಹಾಕಿದರೆ ಲಿಥುವೇನಿಯಾದವರು ಕಾಳುಮೆಣಸು ಹಾಕುತ್ತಾರಂತೆ, ಆ ಜಗಳ ಇನ್ನೂ ಮುಗಿದಿಲ್ಲ. ಕೊಂಕಣ ತೀರದವರಿಗೆ ತೆಂಗಿನಮರ ಅಂಗಳದಲ್ಲೇ ಇತ್ತು. ಕೋಳಿ ಸಾರಿಗೆ ತೆಂಗಿನಹಾಲು ಹಾಕಿದರೆ ಕಟ್ಟಳೆಯೂ ಉಳಿಯಿತು, ರುಚಿಯೂ ಬಂತು. ರೆಕ್ಕೆ, ಹುರುಪೆ ಎರಡೂ ಇರುವ ಮೀನು ಮಾತ್ರ ಆಗುತ್ತದೆ. ಹಾಗಾಗಿ ಬಂಗುಡೆ, ಮಾಂಜಿ ಸೈ, ಸಿಗಡಿ, ಏಡಿ, ಮರುವಾಯಿ ಇಲ್ಲ. (ಮರುವಾಯಿ ಇಲ್ಲದ ಬಾಳು ಎಂಥದ್ದು ಅಂತ ಅಣ್ಣ ಕೇಳುವ ಮೊದಲೇ ಹೇಳುತ್ತೇನೆ, ಅವರಿಗೆ ಬೇಜಾರಿಲ್ಲ.)

ಇವರ ಮಲಿದಾ ನೋಡಿದರೆ ನೀವು ನಗುತ್ತೀರಿ. ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಸುತ್ತ ಹಣ್ಣುಗಳು. ಪ್ರವಾದಿ ಎಲಿಯಾಹುವನ್ನು ನೆನೆದು ಪ್ರಾರ್ಥನೆ ಮಾಡಿ ಹಂಚುತ್ತಾರೆ. ಹೊಸವರ್ಷಕ್ಕೆ ಗೋಧಿ ನೆನೆಸಿ, ಅರೆದು, ಹಾಲು ತೆಗೆದು, ತೆಂಗಿನಹಾಲಲ್ಲಿ ಕೈ ಸೋಲುವವರೆಗೆ ಮಗುಚಿ ಹಲ್ವ ಮಾಡುತ್ತಾರೆ. ನಮ್ಮ ಗೋಧಿ ಹಾಲುಬಾಯಿಯ ತಂಗಿಯೇ ಸರಿ.

ಹಾಗಂತ "ಅದು ನಮ್ಮದೇ ಅಡುಗೆ" ಎಂದು ಕಾಮೆಂಟ್ ಹಾಕಬೇಡಿ. ಅಜ್ಜಿಯ ಮೊಮ್ಮಗಳು ಕೂಡ ಅದನ್ನೇ ಬೇರೆ ರೀತಿ ಹೇಳಿದಳು: "ಇದು ಇಂಡಿಯನ್ ಊಟ, ಯೆಹೂದಿ ಊಟ ಅಲ್ಲ." ನನಗೆ ಸಿಟ್ಟು ಬಂತು. ಇವರ ಪಂಗಡದವರನ್ನು ಪೂರ್ತಿ ಯೆಹೂದಿಗಳೆಂದು ಇಲ್ಲಿ ಒಪ್ಪಿಸಲು ಧರಣಿ ಕೂರಬೇಕಾಯಿತು, 1964ರವರೆಗೆ ಕಾಯಬೇಕಾಯಿತು. ಆ ಪಾಡು ಪಟ್ಟವರ ತಟ್ಟೆಗೆ ಮತ್ತೆ ಅದೇ ಪ್ರಶ್ನೆಯಾ? ಪೋಲೆಂಡಿನ ಬಟಾಟೆ ಯೆಹೂದಿ ಆಗುವುದಾದರೆ ಅಲಿಬಾಗಿನ ತೆಂಗಿನಕಾಯಿ ಯಾಕೆ ಆಗಬಾರದು?

ನರ್ಸಿಂಗ್ ಮಾಡುತ್ತಿರುವ ತಂಗಿಯರೇ, ನಮ್ಮ ಫಾರಂನಲ್ಲಿ ಕೋಷರ್ ಹೌದೋ ಅಲ್ಲವೋ, ಸಕ್ಕರೆ ಕಾಯಿಲೆ ಇದೆಯೋ, ಹಲ್ಲು ಇದೆಯೋ ಎಂದು ಕೇಳುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬೇಕು: ಚಿಕ್ಕಂದಿನಲ್ಲಿ ಶುಕ್ರವಾರ ಸಂಜೆ ನಿಮ್ಮ ಅಮ್ಮ ಏನು ಮಾಡುತ್ತಿದ್ದರು? ಊರಲ್ಲಾದರೂ ಅಷ್ಟೇ, ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವರಿಗೆ ಓಟ್ಸ್ ಕೊಟ್ಟು "ತಿನ್ನುವುದಿಲ್ಲ" ಎಂದು ಬರೆಯಬೇಡಿ.

ಡಾಕ್ಟರನ್ನು ಕೇಳಿ, ಸಕ್ಕರೆ ಬಿಟ್ಟು ಸ್ವಲ್ಪ ಖರ್ಜೂರ ಅರೆದು ಹಾಕಿ, ಗಂಟಲಲ್ಲಿ ಸಿಕ್ಕದ ಹಾಗೆ ಅವಲಕ್ಕಿಯನ್ನು ಮೆತ್ತಗೆ ನೆನೆಸಿ ಕೊಟ್ಟೆ. ಪವಾಡವೇನೂ ಆಗಲಿಲ್ಲ. ತೂಕ ಏರಿಲ್ಲ, ಇಳಿಯುವುದು ನಿಂತಿದೆ. ಮೊನ್ನೆ ಮೊಮ್ಮಗಳು ಪಕ್ಕದಲ್ಲಿ ನಿಂತು ನಾನು ಮಾಡುವುದನ್ನು ಫೋನಲ್ಲಿ ವಿಡಿಯೋ ಮಾಡಿಕೊಂಡಳು. ಅಜ್ಜಿ ಒಂದು ತುತ್ತು ತಿಂದು, ನನ್ನನ್ನು ನೋಡಿ ಮರಾಠಿಯಲ್ಲಿ ಏನೋ ಬೈದರು. ತೆಂಗಿನಕಾಯಿ ಕಡಿಮೆ ಆಯಿತಂತೆ.